ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಿದ್ದ ಮೊಮ್ಮಗಳು

ಮಲಗಿ ಇನ್ನೂ ಒಂದು ಗಂಟೆ ಆಗಿರ್ಲಿಲ್ಲ, ಆರು ವರ್ಷದ ನನ್ನ ಮೊಮ್ಮಗಳು ಹಾಸಿಗೆ ಮೇಲೆ ಎದ್ದು ಕೂತು ಕಿಟಾರನೆ ಕಿರುಚಿದ್ಲು. ಆಸ್ಟ್ರೇಲಿಯಾದ ಪರ್ತ್‌ನ ಎಲೆನ್‌ಬ್ರೂಕ್‌ನಲ್ಲಿರೋ ಮಗನ ಮನೇಲಿ ಮೊದ್ಲು ರೂಮಿಗೆ ಓಡಿದ್ದು ನಾನೇ. ಮಗು ಮೈಯೆಲ್ಲಾ ಬೆವರು. ಕಣ್ಣು ಅಗಲ ಬಿಟ್ಕೊಂಡು ನನ್ನ ಕಡೇನೇ ನೋಡ್ತಿದ್ಲು, ಆದ್ರೆ ಗುರುತೇ ಇಲ್ಲ.

ಎಪ್ಪತ್ತೆರಡು ವರ್ಷ ಊರನ್ನೆಲ್ಲಾ ಏಮಾರ್ಸಿರೋನು ನಾನು, ಯಾರ ಕೈಲೂ ಏಮಾರಿದೋನಲ್ಲ. ಅವತ್ತು ಬೆಳಿಗ್ಗೆ ತಾನೇ ಅವಳ ಶೂ ಒಳಗೆ ರಬ್ಬರ್ ಹಲ್ಲಿ ಇಟ್ಟು ಕುಣಿಸಿದ್ದೆ. ಕಳ್ಳಿ, ಸೇಡು ತೀರಿಸ್ಕೋತಿದಾಳೆ ಅಂದ್ಕೊಂಡು, ಲೋಟದ ನೀರನ್ನ ಮುಖಕ್ಕೆ ಎರಚಿ, ಭುಜ ಹಿಡಿದು ಅಲ್ಲಾಡಿಸ್ದೆ. ಮಗು ಕೊಸರಿಕೊಂಡು ಓಡಿಹೋಗಿ ಹಿತ್ತಲಿನ ಗಾಜಿನ ಬಾಗ್ಲಿಗೆ ಹಣೆ ಹೊಡ್ಕೊಂಡ್ಲು. ಹುಬ್ಬಿನ ಹತ್ರ ರಕ್ತ ಬಂತು.

ಸೊಸೆ ಡಾಕ್ಟರು. ಓಡಿಬಂದು, "ಹಿಡೀಬೇಡಿ ಮಾವ! ಅವಳಿನ್ನೂ ನಿದ್ದೇಲಿದಾಳೆ, ಎಬ್ಬಿಸಿದ್ರೆ ಜಾಸ್ತಿ ಹೆದರ್ತಾಳೆ" ಅಂದ್ಲು. ಬಾಗ್ಲಿಗೆ ಅಡ್ಡ ನಿಂತು, ಮೆಲ್ಲಗೆ "ಅಮ್ಮ ಇಲ್ಲೇ ಇದೀನಿ" ಅಂತ ಹೇಳ್ತಾನೇ ಇದ್ಲು. ಹತ್ತು ನಿಮಿಷಕ್ಕೆ ಮಗು ತಾನಾಗೇ ತಣ್ಣಗಾಗಿ ಮಲಗಿಬಿಡ್ತು. ಗಾಯಕ್ಕೆ ಪಟ್ಟಿ ಹಾಕ್ತಾ ಸೊಸೆ, ಇದು ಕೆಟ್ಟ ಕನಸಲ್ಲ, ನಿದ್ದೇಲೇ ಬರೋ ಭಯ, ಬೆಳಿಗ್ಗೆ ಅವಳಿಗೆ ಏನೂ ನೆನಪಿರಲ್ಲ ಅಂತ ಹೇಳಿದ್ಲು.

ಹಾಗೇ ಆಯ್ತು. ಬೆಳಿಗ್ಗೆ ಪಟ್ಟಿ ಮುಟ್ಕೊಂಡು, "ತಾತ, ವಾಟ್ ಹ್ಯಾಪನ್ಡ್?" ಅಂದ್ಲು. "ನನ್ನಿಂದ್ಲೇ ಆಗಿದ್ದು ಪುಟ್ಟಿ" ಅಂದೆ. ಅವಳು ಕಿಲಕಿಲ ನಕ್ಕು, "ಯೂ ಆರ್ ಜೋಕಿಂಗ್!" ಅಂದ್ಲು. ಎಷ್ಟು ಸಲ ಹೇಳಿದ್ರೂ ನಂಬ್ಲಿಲ್ಲ.