ಮೇಡಂ ಬರೆದುಕೊಟ್ಟ ಎರಡು ಹಾಳೆ

ಮೊನ್ನೆ ನನ್ನ ಮೇಜಿನ ಮೇಲೆ ಒಂದು ಬಣ್ಣದ ಪುಸ್ತಿಕೆ ಬಂದು ಬಿದ್ದಿತ್ತು. ಶಾಯಿಯ ಘಾಟು ಇನ್ನೂ ಹೋಗಿರಲಿಲ್ಲ. ಲೈಬ್ರರಿ ನಡೆಸುವ ಸಾಫ್ಟ್‌ವೇರ್ ಅಂತೆ, ಎರಡೇ ದಿನದಲ್ಲಿ ಎಲ್ಲ ಸಲೀಸಂತೆ. ಓದುತ್ತಿದ್ದಂತೆ ಮೈಯೆಲ್ಲ ಉರಿದುಹೋಯಿತು. ಇಂಥ ಕಂಪನಿಗಳ ಮೇಲೆ ಎಷ್ಟು ಸಿಟ್ಟೋ, ನನ್ನ ಮೇಲೆ ಅದರ ಎರಡರಷ್ಟು.

ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಆಗ ಒಬ್ಬ ಲೈಬ್ರರಿ ಮೇಡಂ ಇದ್ದರು. ಕಣಕಟ್ಟೆಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ಪ್ರತಿ ಪುಸ್ತಕಕ್ಕೂ ಒಂದು ಕಾರ್ಡು, ಕಾರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಅವರದೇ ಟಿಪ್ಪಣಿ. ಹಳೇಬೀಡಿನ ಜೈನ ಮನೆತನವೊಂದು ಬಸದಿಗಳ ಮೇಲಿನ ಹಳೇ ಪುಸ್ತಕ ಕೊಟ್ಟಾಗ, ಎಷ್ಟನೇ ಪುಟದಲ್ಲಿ ಯಾವ ಶಾಸನ ಇದೆ ಅಂತ ಕೂತು ಬರೆದಿದ್ದರು. ಜಾವಗಲ್ಲಿನ ಹುಡುಗಿಯೊಬ್ಬಳು ನಮ್ಮೂರ ಬಗ್ಗೆ ಏನಾದರೂ ಇದೆಯಾ ಅಂತ ಬಂದರೆ, ಎರಡು ನಿಮಿಷದಲ್ಲಿ ನಾಲ್ಕು ಪುಸ್ತಕ ಅವಳ ಕೈಲಿರುತ್ತಿತ್ತು.

ಲೈಬ್ರರಿಗೆ ಸಾಫ್ಟ್‌ವೇರ್ ಆರಿಸುವ ಸಮಿತಿಗೆ ನಾನೇ ಸಂಚಾಲಕ. ಮೇಡಂ ಎರಡು ಹಾಳೆ ಬರೆದುಕೊಟ್ಟರು. ಕನ್ನಡದಲ್ಲಿ ಟೈಪ್ ಮಾಡಿದರೆ ಕನ್ನಡ ಪುಸ್ತಕ ಸಿಗಬೇಕು, ಅಕ್ಷರ ಯಾವ ಕಂಪ್ಯೂಟರಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಇರಬೇಕು, ಎಲ್ಲ ಲೈಬ್ರರಿಗಳೂ ಒಪ್ಪಿರುವ ಮಾದರಿಯಲ್ಲಿ ಇಡೀ ಪಟ್ಟಿಯನ್ನು ಯಾವಾಗ ಬೇಕಾದರೂ ಹೊರಗೆ ತೆಗೆಯಲು ಬರಬೇಕು. ಕೊನೆಯದರ ಕೆಳಗೆ ಎರಡು ಗೆರೆ ಎಳೆದಿದ್ದರು. ನಾನು ಭೌತಶಾಸ್ತ್ರದ ಮೇಷ್ಟ್ರು, ನನಗೆ ಗೊತ್ತಿಲ್ಲದ ಕಂಪ್ಯೂಟರೇ ಅನ್ನೋ ಕೊಬ್ಬು. ಅರ್ಧ ಓದಿ ಮಡಚಿಟ್ಟೆ.

ಕಂಪನಿಯವನು ಬಂದು ಪರದೆಯ ತುಂಬ ಬೇಲೂರು ದೇವಸ್ಥಾನದ ಚಿತ್ರ ಹಾಕಿ, ಇಂಗ್ಲಿಷಿನಲ್ಲಿ ಎರಡು ಪುಸ್ತಕ ಹುಡುಕಿ ತೋರಿಸಿದ. ನಾವೆಲ್ಲ ಬೋಂಡಾ ತಿನ್ನುತ್ತಾ ತಲೆದೂಗಿದೆವು. ಮೇಡಂ ಒಬ್ಬರೇ ಎದ್ದು ಕೇಳಿದರು.

"ನಾಳೆ ನೀವು ಅಂಗಡಿ ಮುಚ್ಚಿದ್ರೆ ನಮ್ಮ ಪಟ್ಟಿ ನಮ್ಮ ಕೈಗೆ ಹೆಂಗ್ರೀ ಬರುತ್ತೆ?"

ಅವನು ಬಾಯಿ ಬಿಡುವ ಮೊದಲೇ, ಶುಭ ನುಡಿಯೋ ಸೋಮ ಅಂದ್ರೆ ಗೂಬೆ ಕಾಣ್ತಿದೆಯಲ್ಲೋ ಮಾಮ ಅಂದನಂತೆ ಅಂತ ನಾನು ಗಾದೆ ಬಿಟ್ಟೆ. ಎಲ್ಲರೂ ಹೋ ಅಂತ ನಕ್ಕರು. ಮೇಡಂ ತಮ್ಮ ಜಾಗದಲ್ಲಿ ಕೂತರು. ಆ ನಗು... ಥೂ, ನನ್ನ ಬಾಯಿಗಿಷ್ಟು.

ಆ ಸಾಫ್ಟ್‌ವೇರನ್ನೇ ಕೊಂಡೆವು. ಮೇಡಂ ಮೂರು ವರ್ಷ ಕೂತು ಎಲ್ಲ ಕಾರ್ಡೂ ಅದಕ್ಕೆ ಟೈಪ್ ಮಾಡಿದರು, ಹಿಂದಿನ ಟಿಪ್ಪಣಿ ಸಮೇತ. ಮುಗಿದ ವಾರವೇ, ಇನ್ನು ಈ ಕಾರ್ಡಿನ ಪೆಟ್ಟಿಗೆಗಳು ಜಾಗಕ್ಕೆ ದಂಡ ಅಂತ ಗುಜರಿಗೆ ಹಾಕಿಸಿದೆವು. ಒಂದು ವರ್ಷ ತಡೀರಿ ಅಂತ ಮೇಡಂ ಬೇಡಿಕೊಂಡಿದ್ದರು. ವರ್ಷ ತುಂಬುವ ಮೊದಲೇ ಕಂಪನಿ ಮುಚ್ಚಿತು. ಒಂದು ಬೆಳಿಗ್ಗೆ ಪರದೆ ಲೈಸೆನ್ಸ್ ಕೇಳಿಕೊಂಡು ನಿಂತೇ ಬಿಟ್ಟಿತು, ಫೋನು ಎತ್ತುವವರಿಲ್ಲ. ಮೇಡಂ ವಾರವಾರವೂ ಬ್ಯಾಕಪ್ ಇಟ್ಟಿದ್ದರು. ಅದೋ, ಆ ಸಾಫ್ಟ್‌ವೇರ್ ಬಿಟ್ಟು ಬೇರೆಲ್ಲೂ ತೆರೆಯದು. ಹೇಗೋ ತೆರೆಸಿದರೆ ಕನ್ನಡವಿದ್ದ ಕಡೆಯೆಲ್ಲ ಬರೀ ಪ್ರಶ್ನೆ ಚಿಹ್ನೆ.

ಮೇಲಿನವರು ವಿವರಣೆ ಕೇಳಿದರು. ಯಾರ ತಲೆಗಾದರೂ ಕಟ್ಟಬೇಕಿತ್ತಲ್ಲ, ಗ್ರಂಥಪಾಲಕರ ನಿರ್ಲಕ್ಷ್ಯ ಅಂತ ವರದಿ ಬರೆದೆವು. ಮೊದಲ ಸಹಿ ನನ್ನದು. ನೋಟಿಸು ಹಿಡಿದು ಅವರು ನನ್ನ ಕೊಠಡಿಗೆ ಬಂದಾಗ, ಬೈಯುತ್ತಾರೆ ಅಂತ ಕಾದೆ.

"ನನ್ನ ಹೆಸರು ಹಾಕಿದ್ದು ಬಿಡಿ ಸಾರ್. ಆ ಕಾರ್ಡು ಯಾವ ಗುಜರಿಗೆ ಹೋದ್ವು, ಅದನ್ನಾದ್ರೂ ಹೇಳಿ."

ನನಗೆ ಅದೂ ಗೊತ್ತಿರಲಿಲ್ಲ. ಮೇಡಂ ನಿವೃತ್ತಿಗೆ ಎಂಟು ತಿಂಗಳಿತ್ತು. ಅವರು ಪೆನ್ಸಿಲ್ ಹಿಡಿದು ಮೊದಲ ಬೀರುವಿನಿಂದ ಮತ್ತೆ ಶುರು ಮಾಡಿದರು... ಐದನೇ ಬೀರು ಮುಗಿಯುವಷ್ಟರಲ್ಲಿ ಬೀಳ್ಕೊಡುಗೆ ಬಂತು. ಶಾಲು ಹೊದಿಸಿದವನೂ ನಾನೇ, ಮಾನಗೆಟ್ಟವನು.

ಈಗ ಲೈಬ್ರರಿ ನೋಡಿಕೊಳ್ಳುವ ಹುಡುಗಿಯೂ ಕಣಕಟ್ಟೆ ಕಡೆಯವಳು. ಹೊಸ ಸಾಫ್ಟ್‌ವೇರ್ ಆರಿಸಬೇಕು ಅಂತ ಹಳೇ ಫೈಲು ತೆಗೆದು ಓದಿದ್ದಾಳೆ. ಮೇಡಂ ಏನು ತಪ್ಪು ಮಾಡಿದ್ದರು ಅಂತ ಬಂದು ಕೇಳಿದಳು. ಒಂದೂ ಬಿಡದೆ ಹೇಳಿದೆ. ವರದಿ ಸುಳ್ಳು, ತಪ್ಪು ನಮ್ಮದು ಅಂತ ಅಲ್ಲೇ ಬರೆದು ಸಹಿ ಹಾಕಿ, ಇದರ ನಕಲನ್ನು ಇವತ್ತೇ ಮೇಡಂ ಮನೆಗೆ ಕಳಿಸಮ್ಮ ಅಂದೆ. ಅವಳು ಕಾಗದ ತಗೊಳ್ಳಲಿಲ್ಲ, ನನ್ನ ಮುಖ ನೋಡಿದಳು.

"ಅವರು ತೀರಿಹೋಗಿ ಎರಡು ವರ್ಷ ಆಯ್ತಲ್ಲ ಸಾರ್. ನಿಮಗೆ ಯಾರೂ ಹೇಳಲಿಲ್ವಾ?"

ಯಾರು ಹೇಳ್ತಾರೆ? ಶಾಲು ಹೊದಿಸಿದ ಮೇಲೆ ಮೇಡಂ ಹೇಗಿದ್ದಾರೆ ಅಂತ ನಾನು ಒಬ್ಬರನ್ನೂ ಕೇಳಿರಲಿಲ್ಲ.