ಖಾಜಾ ಚಾಚಾ ಕಟ್ಟಿದ ಹಾರ್ನು

ಸಭೆ ಮದುವೆಗಳಿಗೆ ಮೈಕು, ಹಾರ್ನು ಕಟ್ಟುತ್ತಿದ್ದ ಖಾಜಾ ಚಾಚಾ ಭಾಷಣದ ಹೊತ್ತಿನಲ್ಲಿ ನಿದ್ದೆ ಮಾಡುತ್ತಿದ್ದರು. ವೇದಿಕೆಯ ಪಕ್ಕದಲ್ಲಿ ಒಂದು ಕಬ್ಬಿಣದ ಕುರ್ಚಿ, ಮುಂದೆ ಆಂಪ್ಲಿಫೈಯರ್, ಅದರ ಗುಂಡಿಯ ಮೇಲೆ ಬಲಗೈ. ಕಣ್ಣು ಮುಚ್ಚಿ, ಗದ್ದ ಎದೆಗೆ ಇಳಿದಿರುತ್ತಿತ್ತು. ಕಂಬದ ಮೇಲಿನ ಹಾರ್ನು ಕುಂಯ್ ಎಂದು ಕಿರುಚುವ ಮೊದಲೇ ಆ ಕೈ ಗುಂಡಿಯನ್ನು ಒಂದಿಷ್ಟು ತಿರುವಿ ಸುಮ್ಮನಾಗುತ್ತಿತ್ತು, ಕಣ್ಣು ಮಾತ್ರ ತೆರೆಯುತ್ತಿರಲಿಲ್ಲ. "ಭಾಷಣ ಎಲ್ಲಾ ಕೇಳ್ಕೋತ ಕುಂತಿದ್ರ ನಾ ಎಂದೋ ಹುಚ್ಚ ಆಗಿ ಯಾದಗಿರಿ ಟೇಶನ್‌ದಾಗ ಅಡ್ಡಾಡ್ತಿದ್ದೆ, ಮಲ್ಲಣ್ಣ" ಎನ್ನುತ್ತಿದ್ದರು.

ಮಲ್ಲಣ್ಣ ಎಂದರೆ ನಾನು. ಶಹಾಪುರದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಆದರೆ ಅದೇ ನನ್ನ ಉದ್ಯೋಗವೆಂದು ನಾನು ಯಾವತ್ತೂ ಒಪ್ಪಿಕೊಂಡವನಲ್ಲ. ನಾನು ನಿರೂಪಕ. ಮದುವೆಯಿರಲಿ, ಬೀಳ್ಕೊಡುಗೆಯಿರಲಿ, ರಾಜಕೀಯ ಸಭೆಯಿರಲಿ, ಹೆಗಲ ಮೇಲೆ ಶಾಲು ಹೊದ್ದು "ಇದೀಗ ತಮ್ಮೆಲ್ಲರ ಕರತಾಡನದ ನಡುವೆ" ಎಂದು ಶುರು ಮಾಡಿದರೆ ನನ್ನ ದನಿಗೆ ನಾನೇ ತಲೆದೂಗುತ್ತಿದ್ದೆ. ಬಚ್ಚಲಲ್ಲಿ ತಾಲೀಮು ನಡೆಯುತ್ತಿರುವಾಗ ಹೆಂಡತಿ ಹೊರಗಿನಿಂದ ಬಾಗಿಲು ಬಡಿದು, "ಸನ್ಮಾನ ಮುಗೀತೇನ್ರಿ? ನೀರು ಆರ್ಲಾಕತ್ತಾವ" ಎನ್ನುತ್ತಿದ್ದಳು.

ಈ ದನಿಯನ್ನು ಊರೂರಿಗೆ ಮುಟ್ಟಿಸಿದವರು ಖಾಜಾ ಚಾಚಾ. ಮೊದಲ ಸಲ ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ಕಾರ್ಯಕ್ರಮದಲ್ಲಿ ನಾನು ಮೈಕನ್ನು ಬಾಯಿಗೆ ತುರುಕಿಕೊಂಡು ಗುಡುಗುತ್ತಿದ್ದಾಗ ಅವರು ವೇದಿಕೆ ಹತ್ತಿ ಬಂದರು. ಎಲ್ಲರೆದುರೇ ಅದನ್ನು ಗೇಣು ದೂರ ಸರಿಸಿ, "ನುಂಗಬ್ಯಾಡ ತಮ್ಮಾ, ಅದು ಹಲ್ವಾ ಅಲ್ಲ" ಎಂದು ಇಳಿದುಹೋದರು. ಆ ಮಾತೂ ಮೈಕಿನಲ್ಲಿ ಕೇಳಿಸಿತು. ಎಂಜಿನಿಯರರ ಹೆಂಡತಿಯರು ನಕ್ಕದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಹಾರ್ನು ಕಟ್ಟುವ ಮೊದಲು ಅವರದೊಂದು ಪದ್ಧತಿ ಇತ್ತು. ಬೆಳಿಗ್ಗೆಯೇ ಬಂದು ಸುತ್ತಲಿನ ಓಣಿಗಳಲ್ಲಿ ಮನೆಮನೆಯ ಮುಂದೆ ನಿಂತು, "ಬಾಣಂತಿ ಅದಾರೇನ್ರಿ? ಜಡ್ಡಿನವ್ರು ಯಾರರ ಮಲಗ್ಯಾರೇನು?" ಎಂದು ಕೇಳುತ್ತಿದ್ದರು. ಹೌದೆಂದರೆ ಆ ಮನೆಗೆ ಹಾರ್ನಿನ ಬೆನ್ನು. ಮುದನಾಳದ ಒಂದು ಮದುವೆಯಲ್ಲಿ ಚಪ್ಪರದ ಒಂದು ಕಡೆ ಬಾಣಂತಿ, ಇನ್ನೊಂದು ಕಡೆ ಇವತ್ತೋ ನಾಳೆಯೋ ಎನ್ನುವಂತಿದ್ದ ಮುದುಕ. ಚಾಚಾ ನಾಲ್ಕೂ ಹಾರ್ನುಗಳನ್ನು ಹತ್ತಿಯ ಹೊಲದ ಕಡೆ ತಿರುಗಿಸಿದರು. ಬೀಗರು ಹಾರಾಡಿದರೂ ಜಗ್ಗಲಿಲ್ಲ. ಅಂದು ನನ್ನ ನಿರೂಪಣೆಯನ್ನು ಪೂರ್ತಿ ಕೇಳಿದ್ದು ಹತ್ತಿ ಬೆಳೆ. ನಾನು ಮುಖ ಊದಿಸಿಕೊಂಡಾಗ, "ಚಲೋ ಕೇಳ್ಯಾದ ಬಿಡು. ನಡುವ ಒಂದು ಗಿಡಾನೂ ಎದ್ದು ಹೋಗಿಲ್ಲ" ಎಂದರು.

ಆದರೆ ಮೈಕನ್ನು ಮಾತ್ರ ಅವರು ಯಾರಿಗೂ ಬಂದ್ ಮಾಡುತ್ತಿರಲಿಲ್ಲ. "ಮಾತು ಅವ್ರದು, ದನಿ ನಂದು. ಚಲೋದು ಆಡ್ಲಿ, ಹೊಲಸು ಆಡ್ಲಿ, ನಡುವ ಬಂದ್ ಮಾಡಿದ್ರ ನಾ ಈ ಧಂದೇದವನೇ ಅಲ್ಲ." ಇದನ್ನು ಹೇಳುವಾಗ ಅವರ ಮುಖದಲ್ಲಿ ಒಂದು ಜಂಬ ಇರುತ್ತಿತ್ತು. ಜಂಬದ ವಿಷಯದಲ್ಲಿ ನಾವಿಬ್ಬರೂ ಒಳ್ಳೆಯ ಜೋಡಿ.

ಆ ಸಭೆ ನಡೆದದ್ದು ಚುನಾವಣೆಯ ಬೇಸಿಗೆಯಲ್ಲಿ, ಚಾಚಾರ ಓಣಿಗೆ ಹೊಂದಿಕೊಂಡ ಮೈದಾನದಲ್ಲಿ. ಹೊರಗಿನಿಂದ ದೊಡ್ಡ ಭಾಷಣಕಾರರು ಬರುವವರಿದ್ದರು. ನಿರೂಪಣೆ ನನ್ನದೆಂದು ತಿಳಿದೊಡನೆ ಹೊಸ ಶಾಲು ಕೊಂಡೆ. ಚಾಚಾ ಎಂದಿನಂತೆ ಬೆಳಿಗ್ಗೆ ಸುತ್ತು ಹಾಕಿದರು. ಈ ಸಲ ಬಾಣಂತಿ ಇದ್ದದ್ದು ಅವರದೇ ಮನೆಯಲ್ಲಿ. ಮಗಳು ರೇಷ್ಮಾ ಹೆತ್ತು ಹನ್ನೆರಡು ದಿನವಾಗಿತ್ತು. ಮೊಮ್ಮಗಳು ಹುಟ್ಟಿದಳೆಂದು ಚಾಚಾ ಅಂಗಡಿಗೆ ತಂದ ಪೇಢಾ ತಿಂದು, ಇನ್ನೊಂದು ಕೇಳಿ ತೆಗೆದುಕೊಂಡವನು ನಾನು. ಹಾರ್ನುಗಳೆಲ್ಲ ಆ ಓಣಿಗೆ ಬೆನ್ನು ಮಾಡಿದವು.

ಮಧ್ಯಾಹ್ನ ಸಂಘಟಕರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಹಾರ್ನ್ ಆ ಓಣಿ ಕಡಿ ತಿರುಗಸ್ಲಿಕ್ಕೆ ಹೇಳ್ರಿ. ಖರೇ ಅಂದ್ರ ಅವ್ರ ಕಿವಿಗೇ ಬೀಳಬೇಕಾಗ್ಯದ" ಎಂದರು. ಅವರೇ ಹೋಗಿ ಹೇಳಬಹುದಿತ್ತು. ದೊಡ್ಡವರ ಕೆಲಸ ಮಾಡುವ ಉಮೇದಿನಲ್ಲಿ ನಾನೇ ಓಡಿದೆ.

ಚಾಚಾ ನನ್ನ ಮುಖ ನೋಡಿದರು. "ಮನ್ಯಾಗ ಕೂಸದ, ಮಲ್ಲಣ್ಣ."

"ಗೊತ್ತದ ಚಾಚಾ. ಒಂದು ತಾಸಿನ ಮಾತು. ನನ್ನ ಹೆಸರು ಕೆಡಸಬ್ಯಾಡ್ರಿ" ಎಂದೆ.

ಅರವತ್ತೈದು ದಾಟಿದ್ದರೂ ತಾವೇ ಏಣಿ ಹತ್ತಿ ಒಂದು ಹಾರ್ನನ್ನು ಓಣಿಯ ಕಡೆ ತಿರುಗಿಸಿದರು.

ಭಾಷಣಕಾರರು ಆಡಿದ್ದನ್ನು ಇಲ್ಲಿ ಬರೆಯಲಾರೆ. ನಮ್ಮ ನಳದ ನೀರನ್ನೇ ಕುಡಿಯುವ ಆ ಓಣಿಯ ಜನರನ್ನು ಹುಳಗಳೆಂದು ಕರೆದರು ಎಂದರೆ ಸಾಕು. ದಿನಾ ಕಾಣುವ ನೆರೆಯವರೇ ಅದಕ್ಕೆ ಚಪ್ಪಾಳೆ ಹೊಡೆಯುತ್ತಿದ್ದರು. ಬುದ್ಧಿ ಇದ್ದವನಿಗೆ ಆ ಚಪ್ಪಾಳೆ ಕೇಳಿ ಅಂಜಿಕೆ ಹುಟ್ಟಬೇಕಿತ್ತು. ನನಗೆ ಹುಟ್ಟಿದ್ದು ಹೊಟ್ಟೆಕಿಚ್ಚು. ಇಷ್ಟು ವರ್ಷ ಕರತಾಡನ ಕರತಾಡನ ಎಂದು ಗಂಟಲು ಹರಿದುಕೊಂಡರೂ ನನಗೆ ಅದರ ಕಾಲು ಭಾಗ ಬಿದ್ದಿರಲಿಲ್ಲ.

ಅವರು ಕೂತ ಮೇಲೆ ಮೈಕ್ ನನ್ನ ಕೈಗೆ ಬಂತು. ಆ ಓಣಿಯವರು ಊರು ಬಿಡುವುದು ಯಾವಾಗ ಎಂದು ಕೇಳುವ ಎರಡು ಸಾಲು, ಪ್ರಾಸ ಸಮೇತ, ನನ್ನ ಬಾಯಿಂದ ಹೊರಟವು. ಯಾರೂ ಬರೆದುಕೊಟ್ಟದ್ದಲ್ಲ, ಸ್ವಂತದ್ದು. ಎರಡನೆಯ ಸಾಲಿಗೆ ದನಿ ಒಡೆಯಿತು. ಆದರೆ ಮರುಕ್ಷಣವೇ ಹಾರ್ನಿನಲ್ಲಿ ತುಂಬಿಕೊಂಡು ಗಟ್ಟಿಯಾಗಿ ಹೊಮ್ಮಿತು. ಮೈದಾನದ ತುಂಬ ಸಿಳ್ಳೆ. ನಾನು ಚಾಚಾರ ಕಡೆ ನೋಡಿದೆ. ಕಣ್ಣು ಮುಚ್ಚಿತ್ತು. ಪುಣ್ಯಕ್ಕೆ ನಿದ್ದೆಯಲ್ಲಿದ್ದಾರೆ ಎಂದು ಸಮಾಧಾನಪಟ್ಟುಕೊಂಡೆ.

ನನ್ನ ಸಾಲು ಮೊಬೈಲುಗಳಲ್ಲಿ ಓಡಾಡಿತು. ಮೊದಮೊದಲು ಎಷ್ಟು ಜನ ನೋಡಿದರೆಂದು ಗಂಟೆಗೊಮ್ಮೆ ನೋಡುತ್ತಿದ್ದೆ. ಆಮೇಲೆ ಕೆಲವರು ಆ ಓಣಿಯ ಬಾಯಲ್ಲಿ ಬೈಕ್ ನಿಲ್ಲಿಸಿ ಅದನ್ನೇ ಜೋರಾಗಿ ಹಾಕಿ ಹೋಗತೊಡಗಿದರು. ಆಧಾರ್ ಪ್ರತಿ ತೆಗೆಸಲು ನನ್ನಲ್ಲಿಗೆ ಬರುತ್ತಿದ್ದ ಆ ಓಣಿಯ ಹೆಂಗಸರು ಇನ್ನೊಂದು ಅಂಗಡಿಗೆ, ನನ್ನ ಬಾಗಿಲು ದಾಟಿಕೊಂಡೇ, ಹೋಗತೊಡಗಿದರು. ಆಡಿದವನು ಶಾಲು ಮಡಚಿಟ್ಟು ಮಲಗಿದರೂ ಆಡಿದ ಮಾತು ಬೀದಿಯಲ್ಲಿ ಎದ್ದೇ ಇರುತ್ತದೆ ಎಂದು ನನಗೆ ತಿಳಿದದ್ದು ಆಗ.

ಹದಿನೈದು ದಿನದ ಮೇಲೆ ಸುರಪುರದಲ್ಲಿ ಒಬ್ಬ ಹೆಡ್‌ಮಾಸ್ತರರ ಬೀಳ್ಕೊಡುಗೆ. ಚಾಚಾ ನನ್ನನ್ನು ನೋಡಿ, "ಬರ್ರಿ, ನಿರೂಪಕರ" ಎಂದರು. ಅಷ್ಟು ವರ್ಷಗಳ ಮಲ್ಲಣ್ಣ ಹೋಗಿ ಬಹುವಚನ ಬಂದಿತ್ತು. ಇದನ್ನು ಇಲ್ಲೇ ಚಂದವಾಗಿ ಮುಗಿಸೋಣವೆಂದು ಮೈಕ್ ಹಿಡಿದು, "ಇತ್ತೀಚೆಗೆ ನನ್ನ ಮಾತಿನಿಂದ ಒಂದು ವೇಳೆ ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ..." ಎಂದು ಶುರು ಮಾಡಿದೆ. ಮೈಕ್ ಸತ್ತಿತು. ಫ್ಯಾನ್ ತಿರುಗುತ್ತಿತ್ತು, ಕರೆಂಟ್ ಇತ್ತು. ಚಾಚಾರ ಕೈ ಗುಂಡಿಯ ಮೇಲಿತ್ತು, ಕಣ್ಣು ತೆರೆದಿತ್ತು. ನಾನು ಮೈಕನ್ನು ಎರಡು ಸಲ ತಟ್ಟಿ, ಸೀದಾ ಹೆಡ್‌ಮಾಸ್ತರರ ಗುಣಗಾನಕ್ಕೆ ಹಾರಿದೆ. ಮೈಕ್ ಬದುಕಿತು.

ಕಾರ್ಯಕ್ರಮ ಮುಗಿದ ಮೇಲೆ ವೈರು ಸುತ್ತುತ್ತಿದ್ದ ಅವರ ಬಳಿ ಹೋಗಿ, "ಯಾರಿಗೂ ಬಂದ್ ಮಾಡಂಗಿಲ್ಲ ಅಂತಿದ್ರಿ?" ಎಂದೆ.

"ಹೌದ್ರಿ. ಆವತ್ತೂ ಮಾಡ್ಲಿಲ್ಲ. ನಿಮ್ಮ ದನಿ ಒಡೀತು, ನನ್ನ ಕೈ ತಾನೇ ಗುಂಡಿ ತಿರುವಿ ದನಿ ಏರಿಸ್ತು. ನೀವು ಅಂದದ್ದು ನನ್ನ ಮಗಳ ಕಿವಿಗಿ ಚೊಕ್ಕ ಮುಟ್ಟಿಸಿದಾವ ನಾನೇ. ಕೂಸು ಬೆಚ್ಚಿಬಿದ್ದು ಅತ್ತದ. ಇಷ್ಟು ವರ್ಷ ಇದಕ್ಕ ಧಂದೆ ಅಂದೆ. ಬಂದ್ ಮಾಡೋದು ಇವತ್ತ ಕಲ್ತೆ."

"ನಿದ್ದಿ ಮಾಡೀರಿ ಅಂತ ತಿಳ್ಕೊಂಡಿದ್ದೆ ಚಾಚಾ."

"ಬಾಣಂತಿ ಮನಿ ಕಡಿ ಹಾರ್ನ್ ತಿರುಗಿಸಿ ಯಾರಿಗಿ ನಿದ್ದಿ ಬರ್ತದ್ರಿ?"

ನಾನು ತಪ್ಪಾಯಿತು ಎಂದೆ. ಅವರು ತಲೆಯೆತ್ತದೆ, "ನನಗಲ್ಲ. ಹಾರ್ನ್ ಯಾರ ಕಡಿ ಇತ್ತೋ ಅವ್ರಿಗಿ ಹೇಳ್ರಿ. ಮನಿಗಿ ಬರ್ರಿ, ರೇಷ್ಮಾಗ ಹೇಳ್ರಿ, ಚಾ ಕುಡ್ದು ಹೋಗ್ರಿ" ಎಂದರು.

ಹೋಗಲಿಲ್ಲ. ಒಂದು ವಾರ ಬಿಸಿಲು ಬಹಳವೆಂದೆ. ಇನ್ನೊಂದು ವಾರ ಶಾಲು ಒಗೆಯಲು ಹಾಕಿದೆ ಎಂದೆ. ತಪ್ಪಾಯಿತು ಅನ್ನಲು ಶಾಲು ಯಾಕೆಂದು ಹೆಂಡತಿ ಕೇಳಿದಳು. ಒಂದು ದಿನ ಓಣಿಯ ಬಾಯಿತನಕ ಹೋಗಿ, ಬೇಡದ ಕೊತ್ತಂಬರಿ ಕೊಂಡು ಮರಳಿದೆ. ಸಾವಿರ ಜನರೆದುರು ನಿಂತವನಿಗೆ ಒಬ್ಬ ಬಾಣಂತಿಯೆದುರು ನಿಲ್ಲುವ ಧೈರ್ಯವಿರಲಿಲ್ಲ. ಚಾಚಾ ಆಮೇಲೆ ರಾಜಕೀಯ ಸಭೆಗಳಿಗೆ ಹಾರ್ನು ಕಟ್ಟಲಿಲ್ಲ. ಸಂತೆಯಲ್ಲಿ ಎದುರಾದರೆ, "ಚಾ ಆರ್ಲಾಕತ್ತದ, ನಿರೂಪಕರ" ಎನ್ನುತ್ತಿದ್ದರು. ನಾನು ನಕ್ಕು, ಈ ವಾರ ಖಂಡಿತ ಎನ್ನುತ್ತಿದ್ದೆ. ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ, ಎದೆನೋವು ಬಂದು ಚಾಚಾ ತೀರಿಕೊಂಡರೆಂಬ ಸುದ್ದಿ ಬಂತು.

ಮೂರನೆಯ ದಿನ ಹೋದೆ, ಶಾಲಿಲ್ಲದೆ. ಪಡಸಾಲೆಯಲ್ಲಿ ಹಾರ್ನುಗಳನ್ನು ಗೋಡೆಗೆ ಮುಖ ಮಾಡಿ ಸಾಲಾಗಿ ಇಟ್ಟಿದ್ದರು. ಒಳಬಾಗಿಲಿಗೆ ಪರದೆ, ಅದರ ಹಿಂದೆ ತೊಟ್ಟಿಲು ತೂಗುವ ಸಪ್ಪಳ. ರೇಷ್ಮಾ ನನ್ನನ್ನು ಯಾವತ್ತೂ ಕಂಡವಳಲ್ಲ. "ತಂಗಿ, ನಾನು ಚಾಚಾರ ಜೋಡಿ ಕೆಲಸ ಮಾಡ್ತಿದ್ದೆ..." ಎಂದೆ, ಹೆಸರು ಹೇಳದೆ.

ತೊಟ್ಟಿಲು ನಿಂತಿತು.

"ಗೊತ್ತಾತ್ರಿ. ದನಿ ಗುರ್ತದ" ಎಂದಳು ಒಳಗಿನಿಂದ. ಮತ್ತೆ, "ಸಣ್ಣಗ ಮಾತಾಡ್ರಿ. ಕೂಸು ಈಗ ಮಲಗ್ಯಾದ" ಎಂದಳು.

ಬಚ್ಚಲಲ್ಲಿ ತಾಲೀಮು ಮಾಡಿ ತಂದಿದ್ದ ನಾಲ್ಕು ವಾಕ್ಯಗಳಲ್ಲಿ ಒಂದೂ ಬರಲಿಲ್ಲ. ತಪ್ಪಾಯಿತು ತಂಗಿ ಎಂದೆ. ನಡುವೆಯೇ ದನಿ ಒಡೆಯಿತು. ಅದನ್ನು ಮೇಲೆತ್ತಿ ಮುಟ್ಟಿಸುವ ಕೈ ಇರಲಿಲ್ಲ. ಪರದೆಯಾಚೆ ಅದು ಕೇಳಿಸಿತೋ ಇಲ್ಲವೋ ತಿಳಿಯದೆ ನಿಂತೇ ಇದ್ದೆ. ಬಹಳ ಹೊತ್ತಿನ ಮೇಲೆ ತೊಟ್ಟಿಲು ಮತ್ತೆ ತೂಗತೊಡಗಿತು.