ಆಟೋ ಹತ್ತಿದ ವಿಂಡೋಸ್

ಮುಂಬೈ ಭಾಂಡುಪ್‌ನ ನಮ್ಮ ಬಿಲ್ಡಿಂಗಿನಲ್ಲಿ ಭಾನುವಾರದ ಬೆಳಗು ಜಗಳದಿಂದಲೇ ಶುರುವಾಗುತ್ತಿತ್ತು. ಒಂದು ಪಕ್ಷ ನನ್ನ ಮಾವನದು. ಮೈಸೂರಿನವರು, ಬ್ಯಾಂಕಿನ ಕಂಪ್ಯೂಟರ್ ವಿಭಾಗದಲ್ಲಿದ್ದು ನಿವೃತ್ತರಾದವರು. ಅವರಿಗೆ ವಿಂಡೋಸ್ ಎಂದರೆ ಮನೆದೇವರು. ಇನ್ನೊಂದು ಪಕ್ಷ ಎದುರು ಮನೆಯ ಯಜಮಾನರದು. ಉಡುಪಿ ಕಡೆಯವರು, ರೈಲ್ವೆ ಸ್ಟೇಷನ್ ಹತ್ತಿರ ಹೋಟೆಲು ನಡೆಸುವವರು. ಹೋಟೆಲಿನ ಬಿಲ್ಲಿಂಗ್ ಕಂಪ್ಯೂಟರಿಗೆ ವಿಂಡೋಸ್ ಬದಲು ತಾವೇ ಲಿನಕ್ಸ್ ಹಾಕಿಕೊಂಡ ದಿನದಿಂದ ಅವರ ನಡಿಗೆಯೇ ಬದಲಾಗಿತ್ತು.

"ನಿಮ್ಮದಕ್ಕೆ ದಿನಾ ವೈರಸ್ ಔಷಧಿ ಬೇಕು ಮಾರಾಯ್ರೆ. ನಮ್ಮದು ನೋಡಿ, ಜ್ವರವೇ ಇಲ್ಲ" ಎನ್ನುವರು ಹೋಟೆಲಿನವರು.

"ಯಾರೂ ಇಲ್ಲದ ಮನೆಗೆ ಕಳ್ಳ ಯಾಕ್ ಬರ್ತಾನೆ ಸ್ವಾಮಿ? ಊರಿಗೆಲ್ಲ ಬೇಕಾಗಿರೋದು ನಮ್ಮದು, ಅದಕ್ಕೇ ಕಳ್ಳರ ಕಣ್ಣು" ಎನ್ನುವರು ಮಾವ.

ನಾನು ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದೆ. ಹೋಳಿಯ ಸಮಯದ ಒಂದು ಭಾನುವಾರ ಮಾತ್ರ ಹೋಗಲು ಬಿಡಲಿಲ್ಲ. ಇಬ್ಬರೂ ಪಂದ್ಯ ಕಟ್ಟಿದ್ದರು. ಇಬ್ಬರ ಕಂಪ್ಯೂಟರನ್ನೂ ಆರಿಸದೆ ಬಿಡುವುದು, ಯಾವುದು ಮೊದಲು ಮಲಗುತ್ತದೋ ಅದು ಸೋತಂತೆ. ತೀರ್ಪುಗಾರ್ತಿ ನಾನು.

ಅಂದಿನಿಂದ ನಮ್ಮ ನಡುಮನೆ ಐಸಿಯು ಆಯಿತು. ಕಂಪ್ಯೂಟರಿನ ಹತ್ತಿರ ಪೊರಕೆ ಹೋಗುವಂತಿಲ್ಲ. ಮಿಕ್ಸಿ ಹಾಕುವ ಮುಂಚೆ ಅಪ್ಪಣೆ ಕೇಳಬೇಕು. ಆರಿಸಿ ಮತ್ತೆ ಶುರು ಮಾಡಬೇಕಾದ ಅಪ್ಡೇಟನ್ನು ಕಂಪ್ಯೂಟರ್ ಕೇಳಿದಾಗಲೆಲ್ಲ ಮಾವ, ಸಾಲ ವಸೂಲಿಗೆ ಬಾಗಿಲಿಗೆ ಬಂದವನನ್ನು ಸಾಗಹಾಕುವಂತೆ, "ಆಮೇಲೆ, ಆಮೇಲೆ" ಎಂದು ಮುಂದೂಡುತ್ತಿದ್ದರು.

"ಅಪ್ಡೇಟ್ ಮಾಡದಿದ್ರೆ ಸೆಕ್ಯುರಿಟಿ ಎಲ್ಲಿ ಉಂಟು?" ಎಂದು ಎದುರಾಳಿ ತಕರಾರು ತೆಗೆದರು.

"ಇದು ಸ್ಟೆಬಿಲಿಟಿ ಪಂದ್ಯ. ಸೆಕ್ಯುರಿಟಿ ವಿಷಯ ಬೇರೆ ದಿನ ಇಟ್ಕೊಳೋಣ."

ಹೀಗಿರುವಾಗ ಸೊಸೈಟಿಯವರು ನೋಟಿಸ್ ಹಾಕಿದರು. ಮೀಟರ್ ರೂಮಿನ ರಿಪೇರಿ, ಇಡೀ ದಿನ ಕರೆಂಟಿಲ್ಲ. ಮಾವನ ಮುಖ ಸಣ್ಣದಾಯಿತು. ಹೋಟೆಲಿನಲ್ಲಾದರೆ ಜನರೇಟರ್ ಇತ್ತು, ಅಲ್ಲಿನ ಲಿನಕ್ಸಿಗೆ ಯಾವ ಭಯವೂ ಇಲ್ಲ. ಆದರೆ ಹೋಟೆಲಿನವರು ದೊಡ್ಡ ಮನಸ್ಸು ಮಾಡಿದರು. "ಹಾಗೆ ಗೆದ್ರೆ ಎಂತ ಮರ್ಯಾದೆ? ನಿಮ್ಮ ಡಬ್ಬವನ್ನು ಯುಪಿಎಸ್ ಸಮೇತ ಹೋಟೆಲಿಗೆ ತನ್ನಿ. ಅಲ್ಲಿ ಪ್ಲಗ್ ಹಾಕುವ."

ಆ ಬೆಳಿಗ್ಗೆ ನಾವು ಮೂವರೂ ಆಟೋ ಹತ್ತಿದೆವು. ಮಾವನ ತೊಡೆಯ ಮೇಲೆ ಗುಂಯ್‌ಗುಡುತ್ತಿರುವ ಕಂಪ್ಯೂಟರ್, ಮೇಲೊಂದು ಟವೆಲ್. ಮಧ್ಯದಲ್ಲಿ ಹೋಟೆಲಿನವರು. ನನ್ನ ಮಡಿಲಲ್ಲಿ ಯುಪಿಎಸ್. ಕರೆಂಟು ತಪ್ಪಿದ ಕ್ಷಣದಿಂದ ಅದು "ಬೀಪ್... ಬೀಪ್..." ಎನ್ನುತ್ತಿತ್ತು. ನಮ್ಮ ಮೂವರ ನಡುವೆ ಕಪ್ಪು ವೈರುಗಳು.

ಆಟೋದವನು ಕನ್ನಡಿಯಲ್ಲಿ ಒಮ್ಮೆ ನೋಡಿದ. ಇನ್ನೊಮ್ಮೆ ನೋಡಿದ. ರಸ್ತೆಗಳು ಕೂಡುವ ನಾಕಾದ ಹತ್ತಿರ ಬ್ರೇಕ್ ಹಾಕಿದವನೇ ಇಳಿದು, "ಸಾಬ್! ಸಾಬ್!" ಎಂದು ಕೂಗುತ್ತ ಪೊಲೀಸ್ ಕಾನ್‌ಸ್ಟೆಬಲ್ ಕಡೆಗೆ ಓಡಿದ. ವಡಾಪಾವ್ ಗಾಡಿಯ ಮುಂದಿದ್ದ ಜನ ಪಾವ್ ಕೈಯಲ್ಲಿ ಹಿಡಿದುಕೊಂಡೇ ದೂರ ಸರಿದರು. ಆಗಲೇ ನನಗೆ ನಾವು ಹೊರಗಿನವರಿಗೆ ಬಾಂಬ್ ಹೊತ್ತವರ ಹಾಗೆ ಕಾಣುತ್ತಿದ್ದೇವೆಂದು ಹೊಳೆದದ್ದು.

ಕಾನ್‌ಸ್ಟೆಬಲ್ ಸಾಕಷ್ಟು ದೂರದಲ್ಲೇ ನಿಂತು ಕೇಳಿದ, "ಉಸ್‌ಮೇ ಕ್ಯಾ ಹೈ?"

ಮಾವ ಎದೆಯುಬ್ಬಿಸಿ ಹೇಳಿದರು, "ವಿಂಡೋಸ್ ಹೈ."

"ಖಿಡ್ಕಿ?" ಕಾನ್‌ಸ್ಟೆಬಲ್ ಕಿಟಕಿ ಎಂದುಕೊಂಡು ಹುಬ್ಬು ಗಂಟಿಕ್ಕಿದ. "ಖಿಡ್ಕಿ ಆವಾಜ್ ಕ್ಯೂಂ ಕರ್ತಿ ಹೈ? ಬಂದ್ ಕರೋ!"

"ಬಂದ್ ನಹೀ ಹೋಗಾ" ಎಂದರು ಮಾವ. ಜನ ಇನ್ನೂ ನಾಲ್ಕು ಹೆಜ್ಜೆ ಹಿಂದೆ ಹೋದರು.

"ಮಾವ, ಆರಿಸಿಬಿಡಿ, ಇಲ್ಲಾಂದ್ರೆ ಸ್ಟೇಷನ್‌ನಲ್ಲಿ ಕೂರಿಸ್ತಾರೆ" ಎಂದೆ.

"ಆರಿಸಿದ್ರೆ ಸೋತ ಹಾಗಮ್ಮ!"

ಆಗ ಹೋಟೆಲಿನವರು ಕೈ ಮೇಲೆತ್ತಿಕೊಂಡು ಕೆಳಗಿಳಿದರು. ಸುಮ್ಮನಿದ್ದರೆ ಗೆಲುವು ಅವರದೇ ಆಗಿತ್ತು. ಆದರೆ ಅವರು ಹಿಂದಿಯಲ್ಲಿ ಭಾಷಣವನ್ನೇ ಮಾಡಿದರು. ಸಾಬ್, ಇದು ಬರೀ ಕಂಪ್ಯೂಟರ್, ತುಂಬಾ ಒಳ್ಳೆಯದು, ಹೋಳಿಯಿಂದ ಇವತ್ತಿನವರೆಗೆ ಒಮ್ಮೆಯೂ ಹ್ಯಾಂಗ್ ಆಗಿಲ್ಲ, ಬಂಡೆಯ ಹಾಗೆ ನಿಂತಿದೆ, ಇದನ್ನು ಆರಿಸುವುದು ಪಾಪ! ಮಾವ ಬಾಯಿ ತೆರೆದು ಕೇಳುತ್ತಿದ್ದರು. ಅವರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ.

ನಾನು ಮರಾಠಿಯಲ್ಲಿ ಪಂದ್ಯದ ಕಥೆ ಹೇಳಿದೆ. ಕಾನ್‌ಸ್ಟೆಬಲ್ ಹತ್ತಿರ ಬಂದು ಟವೆಲ್ ಎತ್ತಿ ನೋಡಿದ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ನನ್ನ ಮಡಿಲಿನ ಯುಪಿಎಸ್ ಉದ್ದಕ್ಕೆ ಒಂದು "ಬೀ..." ಎಂದು ಪ್ರಾಣ ಬಿಟ್ಟಿತು. ಕಂಪ್ಯೂಟರಿನ ಗುಂಯ್ ಕೂಡ ನಿಂತಿತು. ಮಾವ ಟವೆಲನ್ನು ಮತ್ತೆ ಅದರ ಮೇಲೆ ಹೊದಿಸಿದರು.

"ಇದು ಲೆಕ್ಕಕ್ಕಿಲ್ಲ ಮಾರಾಯ್ರೆ" ಎಂದು ಹೋಟೆಲಿನವರು ಅವರ ಭುಜ ತಟ್ಟಿದರು. "ಬ್ಯಾಟರಿ ಹೋದದ್ದು, ವಿಂಡೋಸ್ ಹೋದದ್ದಲ್ಲ. ಪಂದ್ಯ ಡ್ರಾ." ಅಲ್ಲಿಗೆ ನಿಲ್ಲಿಸಬಹುದಿತ್ತು. "ಆದ್ರೂ ಇಷ್ಟು ದಿನ ನಿಂತದ್ದೇ ಹೆಚ್ಚು" ಎಂದು ಸೇರಿಸಿದರು.

"ಏನಂದ್ರಿ ಸ್ವಾಮಿ?" ಮಾವನಿಗೆ ಜೀವ ಬಂತು.

ನಡುವೆ ಕಾನ್‌ಸ್ಟೆಬಲ್ ತನ್ನ ಮೊಬೈಲು ಮುಂದೆ ಚಾಚಿದ. ಇದು ಬಹಳ ನಿಧಾನ, ನೀವು ತಿಳಿದವರು, ಸ್ವಲ್ಪ ನೋಡಿ ಎಂದ. ಇಬ್ಬರೂ ಒಂದೇ ಸಲಕ್ಕೆ ಕೈ ಹಾಕಿದರು.

ನನಗೆ ಹಸಿವಾಗಿತ್ತು. ಅವರನ್ನು ಅಲ್ಲೇ ಬಿಟ್ಟು ನಡೆದುಕೊಂಡು ಹೋಟೆಲಿಗೆ ಹೋಗಿ ಮಸಾಲೆದೋಸೆ ಹೇಳಿದೆ. ತಿಂದು ಕಾಫಿ ಕುಡಿಯುವ ಹೊತ್ತಿಗೆ ಮೂವರೂ ಬಂದರು. ಕಾನ್‌ಸ್ಟೆಬಲ್ ಮುಖದಲ್ಲಿ ನಗುವಿರಲಿಲ್ಲ. ಇಬ್ಬರೂ ಸೇರಿ ಫೋನನ್ನು ರೀಸೆಟ್ ಮಾಡಿಬಿಟ್ಟಿದ್ದರು. ಈಗ ಅದು ಪಾಸ್‌ವರ್ಡ್ ಕೇಳುತ್ತಿತ್ತು, ಅವನಿಗೆ ನೆನಪಿರಲಿಲ್ಲ. ಮುಂದಿಟ್ಟ ಇಡ್ಲಿ ಮುಟ್ಟದೆ ಅವನು ಹೆಂಡತಿಯ ಹೆಸರು, ಮಗಳ ಹೆಸರು, ಬೈಕಿನ ನಂಬರು, ಎಲ್ಲ ಒತ್ತಿ ನೋಡುತ್ತಿದ್ದ.

"ನೋಡಿದ್ರಾ, ಯಜಮಾನನಿಗೇ ಬಾಗಿಲು ತೆಗೀತಿಲ್ಲ" ಎಂದರು ಮಾವ ಮೆಚ್ಚುಗೆಯಿಂದ.

"ಸೆಕ್ಯುರಿಟಿ ಅಂದ್ರೆ ಹೀಗಿರ್ಬೇಕು" ಎಂದು ಹೋಟೆಲಿನವರು ತಲೆದೂಗಿದರು.

ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು.